ಗೋಡೆಯೂ ಆಕರ: ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳು

ಕರಾವಳಿಯ ಕ್ರೈಸ್ತ ಸಂಸ್ಕೃತಿಯ ಅಧ್ಯಯನವೆಂದರೆ ಕನ್ನಡ ವಿಭಾಗಗಳ ಮಟ್ಟಿಗೆ ಬಹುಪಾಲು ಬಾಸೆಲ್ ಮಿಶನ್ನಿನ ಅಧ್ಯಯನವೇ ಆಗಿದೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಮೊದಲಾದವು ಅಕ್ಷರರೂಪದ ಆಕರಗಳು. ಆಕರವಿದ್ದಲ್ಲಿಗೆ ಸಂಶೋಧನೆ ಹೋಗುವುದು ಸಹಜ. ಆದರೆ ಕಿಟೆಲ್ ನಿಘಂಟು ಅಚ್ಚಾದ ಐದಾರು ವರ್ಷಗಳಲ್ಲೇ ಅದೇ ಊರಿನಲ್ಲಿ ಇನ್ನೊಂದು ಪಂಥದವರು ಒಂದು ದೀರ್ಘ ಕಥನವನ್ನು ಗೋಡೆ ಮತ್ತು ಛಾವಣಿಗಳ ಮೇಲೆ ಬರೆಸಿದರು. ಅದು ಅಕ್ಷರದಲ್ಲಿಲ್ಲ ಎಂಬ ಕಾರಣಕ್ಕೆ ನಮ್ಮ ಓದಿನ ವ್ಯಾಪ್ತಿಯಿಂದ ಹೊರಗುಳಿಯಬೇಕೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಬಜಗೋಳಿಯ ಕಡೆಯಿಂದ ಕಾರ್ಕಳ, ಮೂಡುಬಿದಿರೆಗಳನ್ನು ಹಾದು ಮಂಗಳೂರಿಗೆ ಬರುವವರಿಗೆ ಹೊರಗಿನ ಸರಳತೆ ಮತ್ತು ಒಳಗಿನ ಸಮೃದ್ಧಿಗಳ ಅಂತರ ಹೊಸತಲ್ಲ. ಮೂಡುಬಿದಿರೆಯ ಗುರುಬಸದಿಯ ಮುಂದೆ ನಿಂತವರಿಗೆ, ಹೊಯ್ಸಳರ ಕಾಲದ ಸಚಿತ್ರ ಧವಲಾ ತಾಳೆಗರಿಗಳು ಅಲ್ಲಿ ಉಳಿದುಬಂದವೆಂಬ ಸುಳಿವು ಕಟ್ಟಡದಿಂದ ಸಿಗುವುದಿಲ್ಲ. ಮಂಗಳೂರಿನ ಬಾವುಟಗುಡ್ಡೆಯ ಪ್ರಾರ್ಥನಾಲಯವೂ ಇದೇ ಬಗೆಯದು. ಬಿಳಿಗೋಡೆ, ಗಂಟೆಗೋಪುರ, ಕಾಲೇಜಿನ ಆವರಣ. ದಾರಿಹೋಕರು ತಡೆದು ನಿಲ್ಲುವಂಥದ್ದೇನೂ ಹೊರಗಿಲ್ಲ.

ವೆನಿಸ್ ಪ್ರಾಂತದ ಯೇಸುಸಭೆಯವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು, 1880ರಲ್ಲಿ ಕಾಲೇಜನ್ನು ಆರಂಭಿಸಿದರು. ಪ್ರಾರ್ಥನಾಲಯ ಅದೇ ದಶಕದ ನಡುವಿನಲ್ಲಿ ಎದ್ದಿತು. ಒಳಭಾಗ ಇಂದಿನ ರೂಪ ಪಡೆದದ್ದು ಮಾತ್ರ ಸಹೋದರ ಆಂತೋನಿಯೊ ಮೊಸ್ಕೇನಿ ಬಂದ ಮೇಲೆ. ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊದಲ್ಲಿ 1854ರಲ್ಲಿ ಹುಟ್ಟಿದ ಈತ ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತವನು. ವೃತ್ತಿಯ ಚಿತ್ರಕಾರನಾಗಿದ್ದು 1889ರಲ್ಲಿ ಸಭೆಯನ್ನು ಸೇರಿದವನು. 1899ರಿಂದ 1901ರವರೆಗೆ ಇಲ್ಲಿ ದುಡಿದ. 1905ರಲ್ಲಿ ಕೊಚ್ಚಿಯಲ್ಲಿ, ಅಲ್ಲಿನ ಸಾಂತಾ ಕ್ರೂಜ್ ಇಗರ್ಜಿಯ ಕೆಲಸದ ಅವಧಿಯಲ್ಲೇ ತೀರಿಕೊಂಡ. ಪಾದ್ರಿಯಲ್ಲದ ಸಹೋದರನೊಬ್ಬನ ಕೈಯಿಂದ ಇಡೀ ಆಲಯದ ಬೋಧನೆ ಮೂಡಿತೆಂಬುದು ಗಮನಾರ್ಹ.

ಛಾವಣಿಯ ಮುಖ್ಯ ಕಥನ ಸಂತ ಅಲೋಶಿಯಸ್ ಗೊನ್ಸಾಗನ ಬದುಕು. 1568ರಲ್ಲಿ ಕಾಸ್ತಿಲ್ಯೋನೆಯ ಅರಸುಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಅಲೋಶಿಯಸ್ ತನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಭೆಗೆ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ ಸೋಂಕು ತಗಲಿ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ಮಡಿದ. ‘ಆದಿಪುರಾಣ’ವನ್ನು ಓದಿದ, ಕಾರ್ಕಳದ 1432ರ ಗೊಮ್ಮಟನನ್ನು ಕಂಡ ಕಣ್ಣಿಗೆ ಈ ಕಥೆಯ ಮೊದಲರ್ಧ ಅಪರಿಚಿತವಲ್ಲ. ಒಡಹುಟ್ಟಿದವನಿಗೆ ರಾಜ್ಯವನ್ನು ಬಿಟ್ಟು ನಡೆಯುವ ತ್ಯಾಗವೀರ ನಮ್ಮ ಕಾವ್ಯಕ್ಕೆ ಹತ್ತನೆಯ ಶತಮಾನದಿಂದಲೇ ಪರಿಚಿತ. ಮುಂದಿನ ದಾರಿ ಬೇರೆ: ಬಾಹುಬಲಿ ನಿಂತಲ್ಲೇ ನಿಂತು ಬಳ್ಳಿ ಹಬ್ಬಿಸಿಕೊಳ್ಳುತ್ತಾನೆ, ಅಲೋಶಿಯಸ್ ರೋಗಿಯ ಮೈಗೆ ಕೈ ಕೊಡುತ್ತಾನೆ. ಇಲ್ಲಿ ಪ್ರಭಾವವನ್ನು ಹುಡುಕುವುದು ವ್ಯರ್ಥ. ತ್ಯಾಗದ ಎರಡು ಕಲ್ಪನೆಗಳನ್ನು ಎದುರುಬದುರು ಇಟ್ಟು ಓದುವ ತೌಲನಿಕ ಅಧ್ಯಯನಕ್ಕೆ ಈ ಛಾವಣಿ ಅವಕಾಶ ಕೊಡುತ್ತದೆ ಎಂಬುದಷ್ಟೇ ನನ್ನ ಮಾತು.

ರೋಗಿಗಳ ಸೇವೆಯ ಚಿತ್ರಕ್ಕೆ ಸಮಕಾಲೀನ ಅರ್ಥವೂ ಇತ್ತೆಂದು ತೋರುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ತಲುಪಿತ್ತು. ಇದೇ ಸಭೆಯ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ 1890ರಿಂದ ಕುಷ್ಠರೋಗಿಗಳಿಗೆ ಆಶ್ರಯ ನೀಡುತ್ತಿದ್ದರು. ಆ ದಿನಗಳಲ್ಲಿ ತಲೆಯೆತ್ತಿ ನೋಡಿದ ವಿದ್ಯಾರ್ಥಿಗೆ ಅದು ಮುನ್ನೂರು ವರ್ಷ ಹಿಂದಿನ ರೋಮ್ ಆಗಿ ಮಾತ್ರ ಕಂಡಿರಲಾರದು.

ತಂತ್ರದ ವಿಷಯದಲ್ಲಿ ಒಂದು ಮಾತು ಅಗತ್ಯ. ಇಲ್ಲಿನ ಎಲ್ಲವನ್ನೂ ‘ಭಿತ್ತಿಚಿತ್ರ’ ಎಂದು ಒಟ್ಟಾಗಿ ಕರೆಯುವ ರೂಢಿ ಸರಿಯಲ್ಲ. ಗೋಡೆಯ ಮೇಲಿನವು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು. ಛಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಹಸಿ ಗಾರೆಯಲ್ಲಿ ಬಣ್ಣವನ್ನು ಹಿಡಿದಿಡುವುದು ಅಂಟಲ್ಲ: ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರುತ್ತದೆ. ಆದ್ದರಿಂದ ಆ ದಿನ ಬರೆದು ಮುಗಿಸುವಷ್ಟೇ ಗಾರೆಯನ್ನು ಹಚ್ಚಬೇಕು. ಕರಾವಳಿಗೆ ಈ ಅವಸರ ಗೊತ್ತಿತ್ತು. ನಮ್ಮ ದೇವಾಲಯಗಳ ಕಾವಿಕಲೆಯಲ್ಲೂ ಬಿಳಿ ಸುಣ್ಣ ಮತ್ತು ಕೆಂಪು ಕಾವಿಯ ಲೇಪವನ್ನು ಹಸಿ ಆರುವ ಮುನ್ನವೇ ಕೊರೆಯಬೇಕು. ಇಟಲಿಯ ಪರಿಭಾಷೆಯನ್ನು ಎರವಲು ತರುವ ಮೊದಲು ಗಾರೆ ಕೆಲಸದವರ ಮಾತುಗಳನ್ನು ಸಂಗ್ರಹಿಸಿದರೆ ಕನ್ನಡ ಕಲಾವಿಮರ್ಶೆಗೆ ಬೇಕಾದ ಪದಗಳು ಅಲ್ಲೇ ಸಿಕ್ಕಾವು.

ಈ ಎರಡು ಮಾಧ್ಯಮಗಳ ವ್ಯತ್ಯಾಸ ಬರಿಯ ವರ್ಗೀಕರಣದ ಚರ್ಚೆಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುವ ಊರಿನಲ್ಲಿ ಗೋಡೆ ಮತ್ತು ಬಟ್ಟೆ ಹಾಳಾಗುವ ರೀತಿ ಬೇರೆ ಬೇರೆ. ಗಾರೆಯೊಳಗೆ ನೀರು ಇಳಿದರೆ ಲವಣ ಹೊರಬಂದು ಬಣ್ಣ ಉದುರುತ್ತದೆ; ಕ್ಯಾನ್ವಾಸು ತೇವದಿಂದ ಜೋತು ಬೂಷ್ಟು ಹಿಡಿಯುತ್ತದೆ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಈ ಚಿತ್ರಗಳ ಸಂರಕ್ಷಣೆಯನ್ನು ಕೈಗೊಂಡರು. ತಾಳೆಗರಿ ಶಿಥಿಲವಾದರೆ ಪ್ರತಿಯಿಂದ ಪಾಠವನ್ನು ಉಳಿಸಿಕೊಳ್ಳಬಹುದು, ಗೋಡೆಗೆ ಪ್ರತಿಯಿಲ್ಲ. ಹಸ್ತಪ್ರತಿ ಸೂಚಿಗಳನ್ನು ಸಿದ್ಧಪಡಿಸುವ ನಮ್ಮ ವಿಭಾಗಗಳು ಫಲಕ ಫಲಕವಾಗಿ, ಕಥಾಸಂದರ್ಭ ಮತ್ತು ಮಾಧ್ಯಮಗಳ ವಿವರದೊಂದಿಗೆ, ಇಂಥ ಗೋಡೆಗಳ ಕನ್ನಡ ಸೂಚಿಯನ್ನೂ ಕೈಗೆತ್ತಿಕೊಳ್ಳಬಹುದು.