ಜಗುಲಿಯಿಂದ ಒಲೆಯವರೆಗೆ ಪಿಯಾನೋ!

"ಅಯ್ಯೋ, ಈ ವಯಸ್ಸಿನಲ್ಲಿ ನನಗ್ಯಾಕ್ರೀ ಪಿಯಾನೋ?" ಎನ್ನುತ್ತೀರಾ? ಮಕ್ಕಳಿಗೆಂದು ತಂದ ಕೀಬೋರ್ಡು ಬೀರುವಿನ ಮೇಲೆ ಧೂಳು ಹಿಡಿದು ಕೂತಿದ್ದರೆ ಒಮ್ಮೆ ಕೆಳಗಿಳಿಸಿ. ಮದುವೆಯೊಂದಿಗೆ ಸಂಗೀತಪಾಠವೂ ನಿಂತುಹೋದ ಗೃಹಿಣಿಯರು ನಮ್ಮಲ್ಲಿ ಎಷ್ಟು ಮಂದಿ! ನಿಂತದ್ದನ್ನು ಮತ್ತೆ ಹಿಡಿಯಲು ದಿನಕ್ಕೆ ಹತ್ತು ನಿಮಿಷ, ಜೊತೆಗೆ ಒಂದಿಷ್ಟು ಕಲ್ಪನೆ ಸಾಕು.

ದೊಡ್ಡ ಪಿಯಾನೋದಲ್ಲಿ 88 ಕೀಗಳಿವೆ. 52 ಬಿಳಿ, 36 ಕಪ್ಪು. ಗಾಬರಿ ಬೇಡ. ಗುರುತು ಹಿಡಿಯಬೇಕಾದದ್ದು ಹನ್ನೆರಡು ಮಾತ್ರ. ಉಳಿದದ್ದು ಅವುಗಳದ್ದೇ ಪುನರಾವರ್ತನೆ. ಕಪ್ಪು ಕೀಗಳನ್ನು ಗಮನಿಸಿ: ಎರಡರದೊಂದು ಗುಂಪು, ಮೂರರದೊಂದು ಗುಂಪು. ಎರಡನ್ನು ಜಗುಲಿಯ ಜೋಡಿ ಕಂಬವೆಂದೂ ಮೂರನ್ನು ಒಲೆಯ ಮೂರು ಗುಂಡುಗಳೆಂದೂ ತಿಳಿಯಿರಿ.

ಈಗ ಎಡದಿಂದ ಬಲಕ್ಕೆ ಬಿಳಿ ಕೀಗಳ ಮೇಲೆ ನಡೆಯೋಣ. ಎಡಗಂಬದ ಹೊರಗೆ ಸೀಬೆಗಿಡ, ಅದು 'ಸಿ'. ಕಂಬಗಳ ನಡುವೆ ಕೂತ ಮಾವನವರ ಮುಂದೆ ಡಿಕಾಕ್ಷನ್ ಲೋಟ, ಅದು 'ಡಿ'. ಬಲಗಂಬದಾಚೆ ಈಳಿಗೆಮಣೆ, ಅದು 'ಈ'. ಒಲೆಯ ಎಡಕ್ಕೆ ಕಾಫಿ ಫಿಲ್ಟರು, 'ಎಫ್'. ಗುಂಡುಗಳ ಸಂದಿನಲ್ಲಿ ಮೊದಲು ಜೀರಿಗೆ, ಆಮೇಲೆ ಏಲಕ್ಕಿ; 'ಜಿ', 'ಏ'. ಒಲೆಯ ಬಲಕ್ಕೆ ಬೀಸುವ ಕಲ್ಲು, 'ಬಿ'. ಮುಂದೆ ಮತ್ತೆ ಸೀಬೆಗಿಡ! ಚಿತ್ರ ವಿಚಿತ್ರವಾಗಿದ್ದಷ್ಟೂ ನೆನಪು ಗಟ್ಟಿ. ಸೀಬೆಹಣ್ಣು ಕುಂಬಳಕಾಯಿಯಷ್ಟಿದೆ ಎಂದುಕೊಳ್ಳಿ, ಮರೆಯುವುದುಂಟೇ?

ಇದೇನೂ ಮಕ್ಕಳಾಟವಲ್ಲ. ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗೀದೋ ಅವರ ಹೆಸರಿನಲ್ಲೇ 'ಗೀದೋನ ಕೈ' ಎಂಬ ಕ್ರಮವಿದೆ. ಬೆರಳಿನ ಗೆಣ್ಣುಗಳಿಗೆ ಒಂದೊಂದು ಸ್ವರವನ್ನು ಹಂಚಿ, ಅಂಗೈ ನೋಡಿಯೇ ಹಾಡು ಕಲಿಸುತ್ತಿದ್ದರಂತೆ.

ಸರಳೆ ವರಸೆ ಕಲಿತವರಿಗಂತೂ ಇನ್ನೂ ಸುಲಭ. 'ಸಿ'ಯನ್ನು ಷಡ್ಜ ಮಾಡಿಕೊಂಡು ಬಿಳಿ ಕೀಗಳನ್ನೇ ಒತ್ತುತ್ತಾ ಹೋಗಿ, ಶಂಕರಾಭರಣ ಕೇಳಿಸುತ್ತದೆ. ಬಲಗೈ ಹೆಬ್ಬೆರಳು 'ಸಿ'ಯ ಮೇಲಿರಲಿ, ತೋರುಬೆರಳು 'ಡಿ', ನಡುಬೆರಳು 'ಈ'. ನಂತರ, ತೊಟ್ಟಿಲ ಕೆಳಗೆ ನುಸುಳುವ ಮಗುವಿನಂತೆ ಹೆಬ್ಬೆರಳು ನಡುಬೆರಳ ಅಡಿಯಿಂದ ನುಸುಳಿ 'ಎಫ್' ಹಿಡಿಯಲಿ. ಉಳಿದ ನಾಲ್ಕು ಬೆರಳು ಸಾಲಾಗಿ ಮೇಲಿನ 'ಸಿ' ಮುಟ್ಟುತ್ತವೆ.

ಮೊದಲ ವಾರ ತಪ್ಪುತ್ತದೆ, ತಪ್ಪಲಿ ಬಿಡಿ. ಕೀಬೋರ್ಡು ಮುಂದಿಲ್ಲದಾಗಲೂ ಕಣ್ಣು ಮುಚ್ಚಿ ಜಗುಲಿಯಿಂದ ಒಲೆಯವರೆಗೆ ನಡೆದುಬನ್ನಿ. ಬರುಬರುತ್ತಾ ಸೀಬೆಗಿಡ, ಈಳಿಗೆ ಎಲ್ಲ ಮರೆಯಾಗಿ ಬೆರಳೇ ದಾರಿ ಹಿಡಿಯುತ್ತದೆ. ಚಕ್ಕುಲಿ ಸುತ್ತುವಾಗ ಕೈಗೆ ಯಾರಾದರೂ ದಾರಿ ಹೇಳಿಕೊಡುತ್ತಾರೆಯೇ?

ಒಂದು ಸಂಜೆ, "ಅಮ್ಮಾ, ಯಾರು ನುಡಿಸ್ತಿರೋದು?" ಎಂದು ಮಕ್ಕಳು ಒಳಗೆ ಓಡಿಬಂದಾರು. ಆಗ ಕೀಬೋರ್ಡನ್ನು ಮತ್ತೆ ಬೀರುವಿನ ಮೇಲಿಡಬೇಡಿ. ಅದೀಗ ನಿಮ್ಮದು!