ಲೆಕ್ಕ ಮಾಡುವಾಗ ನಮ್ಮ ಡೇಟಾ ಯಾರ ಕಣ್ಣಿಗೆ ಬೀಳುತ್ತೆ?

ವೆಬ್‌ಸೈಟಿಗೆ ಎಚ್‌ಟಿಟಿಪಿಎಸ್ ಇದೆ, ಸರ್ವರ್‌ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಹಾಗಾಗಿ ಕ್ಲೌಡ್‌ನಲ್ಲಿ ಡೇಟಾ ಸೇಫ್ ಅಂತ ನಾವು ಅಂದುಕೊಳ್ತೀವಿ. ಆದರೆ ಡೇಟಾಗೆ ಮೂರು ಸ್ಥಿತಿಗಳಿವೆ: ಡಿಸ್ಕ್‌ನಲ್ಲಿ ಇರೋದು, ನೆಟ್‌ವರ್ಕ್‌ನಲ್ಲಿ ಹೋಗೋದು, ಮೆಮೊರಿಗೆ ಬಂದು ಪ್ರೊಸೆಸ್ ಆಗೋದು. ಮೊದಲ ಎರಡಕ್ಕೆ ಬೀಗ ಇದೆ. ಮೂರನೆಯದಕ್ಕೆ ಸಾಮಾನ್ಯವಾಗಿ ಇಲ್ಲ.

ಚಿನ್ನದ ಉದಾಹರಣೆ ತಗೊಳ್ಳಿ. ಲಾಕರ್‌ನಲ್ಲಿದ್ದಾಗ ಅದು ಭದ್ರ, ಪೆಟ್ಟಿಗೆಗೆ ಬೀಗ ಹಾಕಿ ಸಾಗಿಸಿದರೂ ಭದ್ರ. ಬಳೆ ಮಾಡಿಸಬೇಕು ಅಂದ್ರೆ ಮಾತ್ರ ಹೊರಗೆ ತೆಗೆದು ಅಕ್ಕಸಾಲಿಗರ ಕೈಗೆ ಕೊಡಲೇಬೇಕು. ಸಿಪಿಯು ಕೂಡ ಹಾಗೇ, ಕೂಡಿಸಿ ಕಳೆಯೋಕೆ ಅದಕ್ಕೆ ಬಿಚ್ಚಿದ ಡೇಟಾನೇ ಬೇಕು. ಬಿಚ್ಚದೆಯೇ ಲೆಕ್ಕ ಮಾಡುವ ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಇದೆ, ಆದರೆ ಬಹುತೇಕ ಕೆಲಸಗಳಿಗೆ ಅದು ಇನ್ನೂ ತುಂಬಾ ನಿಧಾನ.

ಹಾಗಾದ್ರೆ ಆ ಹೊತ್ತಲ್ಲಿ ಯಾರು ನೋಡಬಹುದು? ಆಪರೇಟಿಂಗ್ ಸಿಸ್ಟಂ, ಅದರ ಕೆಳಗಿನ ಹೈಪರ್‌ವೈಸರ್, ಅವೆರಡನ್ನೂ ನಿರ್ವಹಿಸುವ ಕ್ಲೌಡ್ ಕಂಪನಿಯ ಸಿಬ್ಬಂದಿ. ನಮ್ಮ ವರ್ಚುವಲ್ ಮಷೀನ್‌ಗೆ ನಾವೇ ರೂಟ್ ಆದರೂ, ನಮಗಿಂತ ಕೆಳಗಿನ ಪದರಕ್ಕೆ ನಮಗಿಂತ ಹೆಚ್ಚು ಅಧಿಕಾರ.

ಸಿಗ್ನಲ್‌ಗೆ ಬಂದ ಸಮಸ್ಯೆ

ಮೆಸೇಜಿಂಗ್ ಆ್ಯಪ್ ಸಿಗ್ನಲ್ ಹಾಕಿಕೊಂಡ ಕೂಡಲೇ ನಿಮ್ಮ ಕಾಂಟ್ಯಾಕ್ಟ್‌ಗಳಲ್ಲಿ ಯಾರ‍್ಯಾರು ಅದರಲ್ಲಿದ್ದಾರೆ ಅಂತ ಗೊತ್ತಾಗಬೇಕು. ಅದಕ್ಕೆ ನಿಮ್ಮ ಫೋನ್‌ನ ನಂಬರ್‌ಗಳು ಸರ್ವರ್‌ನ ಪಟ್ಟಿ ಜೊತೆ ಹೋಲಿಕೆ ಆಗಬೇಕು. ಆದರೆ ನಿಮ್ಮ ಪರಿಚಯದವರು ಯಾರು ಅನ್ನೋದು ತನಗೇ ಗೊತ್ತಾಗಬಾರದು ಅನ್ನೋದು ಸಿಗ್ನಲ್‌ನ ಹಠ.

'ಹ್ಯಾಶ್ ಮಾಡಿ ಕಳಿಸಿದ್ರೆ ಆಯ್ತಲ್ಲ' ಅಂತ ಯಾರಿಗಾದರೂ ಅನಿಸುತ್ತೆ. ಆಗಲ್ಲ. ನಮ್ಮ ದೇಶದ ಮೊಬೈಲ್ ನಂಬರ್‌ಗೆ 10 ಅಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಅಂದ್ರೆ ಇರೋದೇ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಒಳ್ಳೆಯ ಗೇಮಿಂಗ್ ಜಿಪಿಯು ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕುತ್ತೆ. ಎಲ್ಲ ನಂಬರ್‌ಗಳನ್ನೂ ಹ್ಯಾಶ್ ಮಾಡಿ ಹೋಲಿಸೋಕೆ ಕೆಲವೇ ಸೆಕೆಂಡು ಸಾಕು.

ಚಿಪ್ ಒಳಗಿನ ಕೋಣೆ

2017ರಲ್ಲಿ ಸಿಗ್ನಲ್ ಇದಕ್ಕೆ ಇಂಟೆಲ್‌ನ ಎಸ್‌ಜಿಎಕ್ಸ್ ಬಳಸೋಕೆ ಹೊರಟಿತು. ಇದು 2015ರಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳ ಜೊತೆ ಬಂದ ಸೌಲಭ್ಯ. ಪ್ರೋಗ್ರಾಮಿನ ಒಂದು ಭಾಗಕ್ಕೆ 'ಎನ್‌ಕ್ಲೇವ್' ಅನ್ನೋ ಪ್ರತ್ಯೇಕ ಕೋಣೆ ಸಿಗುತ್ತೆ. ಅದರ ಡೇಟಾ ಬಿಚ್ಚಿದ ರೂಪದಲ್ಲಿರೋದು ಸಿಪಿಯು ಒಳಗೆ, ಅಂದ್ರೆ ರಿಜಿಸ್ಟರ್ ಮತ್ತು ಕ್ಯಾಶ್‌ನಲ್ಲಿ ಮಾತ್ರ. ಮೆಮೊರಿಗೆ ಹೋಗುವಾಗ ಹಾರ್ಡ್‌ವೇರೇ ಎನ್‌ಕ್ರಿಪ್ಟ್ ಮಾಡುತ್ತೆ. ಆಪರೇಟಿಂಗ್ ಸಿಸ್ಟಂ ಇಣುಕಿದರೂ ಸಿಪಿಯು ಒಳಗೆ ಬಿಡಲ್ಲ.

ಆದರೆ ನಿಜವಾದ ಪ್ರಶ್ನೆ ಬೇರೆ. ದೂರದ ಸರ್ವರ್‌ನಲ್ಲಿ ಅಂಥ ಕೋಣೆ ಇದೆ, ಅದರಲ್ಲಿ ಓಡ್ತಿರೋದು ಹೇಳಿದ ಕೋಡೇ ಅಂತ ನಿಮ್ಮ ಫೋನ್‌ಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಬರೋದು ಅಟೆಸ್ಟೇಶನ್. ಎನ್‌ಕ್ಲೇವ್ ಲೋಡ್ ಆಗುವಾಗ ಸಿಪಿಯು ಅದರ ಕೋಡ್‌ನ ಹ್ಯಾಶ್ ತೆಗೆಯುತ್ತೆ. ಆ ಹ್ಯಾಶ್‌ಗೆ ಒಂದು ಸಹಿ ಬೀಳುತ್ತೆ, ಆ ಸಹಿಯ ಮೂಲ ಚಿಪ್‌ನಲ್ಲೇ ಅಡಗಿಸಿಟ್ಟ ಕೀ. ಸಿಗ್ನಲ್ ಎನ್‌ಕ್ಲೇವ್‌ನ ಸೋರ್ಸ್ ಕೋಡ್ ಬಹಿರಂಗವಾಗಿದೆ, ಅದರಿಂದ ಬರಬೇಕಾದ ಹ್ಯಾಶ್ ಆ್ಯಪ್‌ಗೆ ಮೊದಲೇ ಗೊತ್ತಿರುತ್ತೆ. ಎರಡೂ ಹೊಂದಿದರೆ ಮಾತ್ರ ಫೋನ್ ನಂಬರ್‌ಗಳನ್ನ ಕಳಿಸುತ್ತೆ. ಅಟೆಸ್ಟೇಶನ್ ಇಲ್ಲದಿದ್ರೆ ಉಳಿದದ್ದೆಲ್ಲ ಬರೀ ಬಾಯಿಮಾತು.

ಪುಟ ನೋಡಿದರೂ ಸಾಕು

ಇಷ್ಟಾದ ಮೇಲೂ ಒಂದು ಕಿಂಡಿ ಉಳಿಯುತ್ತೆ. ಪೇಜ್ ಟೇಬಲ್‌ಗಳು ಆಪರೇಟಿಂಗ್ ಸಿಸ್ಟಂ ಕೈಯಲ್ಲೇ ಇವೆ ಅಂತ ಓಎಸ್ ಕ್ಲಾಸ್‌ನಲ್ಲಿ ಓದ್ತೀವಲ್ಲ? ಒಳಗೆ ಏನಿದೆ ಅಂತ ಕಾಣದಿದ್ದರೂ, ಯಾವ ಪುಟ ಮುಟ್ಟಿದ್ರು ಅಂತ ಅದಕ್ಕೆ ಕಾಣುತ್ತೆ. ನೀವು ನಿಘಂಟಿನ ಯಾವ ಪುಟ ತೆರೆದಿರಿ ಅಂತ ಗೊತ್ತಾದರೆ, ಹುಡುಕಿದ ಪದ ಊಹಿಸೋದು ಕಷ್ಟವಲ್ಲ. ಹಾಗಾಗಿ ಸಿಗ್ನಲ್ ಮೊದಲು ಬಳಕೆದಾರರ ಇಡೀ ಪಟ್ಟಿಯನ್ನ ಪ್ರತಿ ಸಲವೂ ಆದಿಯಿಂದ ಅಂತ್ಯದವರೆಗೆ ಓದುತ್ತಿತ್ತು. 2022ರಲ್ಲಿ ಪಾತ್ ಓರ‍್ಯಾಮ್ ಅನ್ನೋ ಅಲ್ಗಾರಿದಮ್‌ಗೆ ಬದಲಾಯಿತು. ಇದು ಪ್ರತಿ ಸಲ ಮುಟ್ಟಿದಾಗಲೂ ಡೇಟಾದ ಜಾಗ ಬದಲಿಸುತ್ತೆ, ಹೊರಗಿಂದ ನೋಡೋರಿಗೆ ಏನೂ ಅರ್ಥ ಆಗಲ್ಲ.

ಚಿಪ್‌ನಲ್ಲೇ ದೋಷ ಇದ್ದರೆ? ಅದೂ ಆಗಿದೆ. 2018ರ ಫೋರ್‌ಶ್ಯಾಡೋ ದಾಳಿ ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಶನ್ ಬಳಸಿಕೊಂಡು ಎನ್‌ಕ್ಲೇವ್ ಡೇಟಾ ಮಾತ್ರ ಅಲ್ಲ, ಅಟೆಸ್ಟೇಶನ್ ಕೀಗಳನ್ನೂ ಹೊರಗೆ ತಂದಿತು. ಕೀ ಕೈಗೆ ಸಿಕ್ಕಿದ್ರೆ ಸುಳ್ಳು ಸಹಿ ಹಾಕಬಹುದು. 2019ರ ಪ್ಲಂಡರ್‌ವೋಲ್ಟ್ ಸಿಪಿಯು ವೋಲ್ಟೇಜ್ ಇಳಿಸಿ ಎನ್‌ಕ್ಲೇವ್ ಒಳಗಿನ ಲೆಕ್ಕವನ್ನೇ ತಪ್ಪಿಸಿತು. ಈ ಎರಡಕ್ಕೂ ಅಪ್‌ಡೇಟ್ ಬಂತು. 2025ರ ಬ್ಯಾಟರಿಂಗ್ ರ‍್ಯಾಮ್ ಹಾಗಲ್ಲ. ಮೆಮೊರಿ ಸ್ಟಿಕ್ ಮತ್ತು ಬೋರ್ಡ್ ನಡುವೆ 50 ಡಾಲರ್‌ಗಿಂತ ಕಡಿಮೆ ಖರ್ಚಿನ ಸರ್ಕ್ಯೂಟ್ ಇಟ್ಟು, ಇಂಟೆಲ್‌ನ ಎಸ್‌ಜಿಎಕ್ಸ್, ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿ ಎರಡನ್ನೂ ಸಂಶೋಧಕರು ದಾಟಿ ತೋರಿಸಿದರು. ಯಂತ್ರವನ್ನ ಕೈಯಿಂದ ಮುಟ್ಟಿ ಮಾಡೋ ಇಂಥ ದಾಳಿಗಳು ನಮ್ಮ ಭರವಸೆಯ ವ್ಯಾಪ್ತಿಗೆ ಬರಲ್ಲ ಅಂತ ಕಂಪನಿಗಳ ಉತ್ತರ. ಆದರೆ ಕ್ಲೌಡ್‌ನಲ್ಲಿ ಯಂತ್ರ ಇರೋದೇ ಬೇರೆಯವರ ಕಟ್ಟಡದಲ್ಲಿ!

ನಂಬಿಕೆ ಎಲ್ಲಿಗೆ ಹೋಯ್ತು?

ಹಾಗಂತ ಇದು ದಂಡ ಅಲ್ಲ. ಎಸ್‌ಇವಿ-ಎಸ್‌ಎನ್‌ಪಿ ಮತ್ತು ಇಂಟೆಲ್‌ನ ಟಿಡಿಎಕ್ಸ್ ಇಡೀ ವರ್ಚುವಲ್ ಮಷೀನ್‌ಗೇ ಈ ರಕ್ಷಣೆ ಕೊಡುತ್ತವೆ, ಹಳೆಯ ಪ್ರೋಗ್ರಾಮನ್ನ ಮತ್ತೆ ಬರೆಯಬೇಕಿಲ್ಲ. ಎನ್ವಿಡಿಯಾದ ಎಚ್100 ಜಿಪಿಯುನಲ್ಲೂ ಇಂಥ ಸೌಲಭ್ಯ ಇದೆ. ಮೊದಲು ಒಂದು ಅಡ್ಮಿನ್ ಪಾಸ್‌ವರ್ಡ್ ಸಾಕಾಗುತ್ತಿದ್ದ ಕಡೆ ಈಗ ಹಾರ್ಡ್‌ವೇರ್ ಬಿಚ್ಚಿ ಕೂರುವಷ್ಟು ಕಷ್ಟ ಪಡಬೇಕು ಅಂದ್ರೆ ಅದು ಸಣ್ಣ ಲಾಭ ಅಲ್ಲ.

ಆದರೆ ಹಾರ್ಡ್‌ವೇರ್ ಭದ್ರತೆ ನಂಬಿಕೆಯ ಅಗತ್ಯವನ್ನ ಅಳಿಸಲ್ಲ, ಅದರ ಜಾಗ ಬದಲಿಸುತ್ತೆ ಅಷ್ಟೇ. ಮೊದಲು ಕ್ಲೌಡ್ ಕಂಪನಿಯ ಎಲ್ಲ ಸಾಫ್ಟ್‌ವೇರ್, ಎಲ್ಲ ಸಿಬ್ಬಂದಿಯನ್ನ ನಂಬಬೇಕಿತ್ತು. ಈಗ ಚಿಪ್ ಮಾಡಿದವರನ್ನ, ಅವರ ಸಹಿಯನ್ನ, ಯಂತ್ರ ಇರುವ ಕೋಣೆಗೆ ಯಾರು ಹೋಗ್ತಾರೆ ಅನ್ನೋದನ್ನ ನಂಬಬೇಕು. ಪಟ್ಟಿ ಚಿಕ್ಕದಾಗಿದೆ, ಖಾಲಿ ಆಗಿಲ್ಲ. ನಾಳೆ ನಾವೇ ಆಸ್ಪತ್ರೆಗೋ ಬ್ಯಾಂಕಿಗೋ ಇಂಥ ವ್ಯವಸ್ಥೆ ಕಟ್ಟೋಕೆ ಕೂತಾಗ, 'ಎನ್‌ಕ್ರಿಪ್ಟ್ ಆಗಿದೆಯಾ' ಅಂತ ಕೇಳಿ ಸುಮ್ಮನಾಗಬಾರದು. 'ಇದರಲ್ಲಿ ನಾವು ಯಾರನ್ನ ನಂಬ್ತಾ ಇದ್ದೀವಿ' ಅಂತ ಕೇಳಿ, ಉತ್ತರವನ್ನ ಪಟ್ಟಿ ಮಾಡಿ ಬರೆದಿಡಬೇಕು.