ಹಕ್ಕಿಯ ಚಿತ್ರಕ್ಕೆ ಕತ್ತರಿ: ಎಷ್ಟು, ಎಲ್ಲಿ, ಹೇಗೆ?

ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿನಲ್ಲಿ ದೋಣಿಯೇರಿ ಬಣ್ಣದ ಕೊಕ್ಕರೆಯ ಚಿತ್ರ ತೆಗೆದ ಹವ್ಯಾಸಿಗಳಿಗೆ ಒಂದು ನಿರಾಸೆ ಪರಿಚಿತ. ಕೈಗೆಟುಕುವಷ್ಟು ಹತ್ತಿರವಿತ್ತೆಂದು ಭಾಸವಾದ ಹಕ್ಕಿ, ಮನೆಗೆ ಬಂದು ಕಂಪ್ಯೂಟರ್ ಪರದೆಯಲ್ಲಿ ನೋಡಿದಾಗ ಕೊಂಬೆಗಳ ನಡುವೆ ಪುಟ್ಟದಾಗಿ, ಮಂಕಾಗಿ ಕುಳಿತಿರುತ್ತದೆ. ಅಂತಹ ಚಿತ್ರವನ್ನು ಕೂಡಲೇ ಅಳಿಸಿಹಾಕಬೇಕಾಗಿಲ್ಲ. ಕ್ರಮವರಿತು ಕತ್ತರಿಸಿ ತಿದ್ದಿದರೆ ಅದರೊಳಗಿನಿಂದಲೇ ಉತ್ತಮ ಸಮೀಪಚಿತ್ರವೊಂದನ್ನು ಪಡೆಯಲು ಸಾಧ್ಯ.

ಕತ್ತರಿಸುವ ಮುನ್ನ ಲೆಕ್ಕ

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 6000 × 4000 ಪಿಕ್ಸೆಲ್‌ಗಳಷ್ಟಿರುತ್ತದೆ. ಉದ್ದ ಅಗಲಗಳನ್ನು ಅರ್ಧಕ್ಕಿಳಿಸಿದರೆ 3000 × 2000, ಅಂದರೆ ಮೂಲದ ಕಾಲು ಭಾಗ ಮಾತ್ರ ಉಳಿಯುತ್ತದೆ. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಇದು 10 ಅಂಗುಲ ಅಗಲದ ಚಿತ್ರಕ್ಕೆ ಸಾಕು. ಇನ್ನೊಮ್ಮೆ ಅರ್ಧ ಮಾಡಿದರೆ 5 ಅಂಗುಲಕ್ಕೆ ಇಳಿಯುತ್ತದೆ. ಕತ್ತರಿಸಿ ಹಿಗ್ಗಿಸಿದಷ್ಟೂ ಕೈನಡುಕ, ತಪ್ಪಿದ ಫೋಕಸ್ ಹಾಗೂ ಕಾಳುಕಾಳಾದ ನಾಯ್ಸ್ ಎದ್ದು ಕಾಣುತ್ತವೆ. ಆದ್ದರಿಂದ ಮೊದಲು ಚಿತ್ರವನ್ನು ಶೇ. 100ರಷ್ಟು ಹಿಗ್ಗಿಸಿ ಹಕ್ಕಿಯ ಕಣ್ಣನ್ನು ಪರೀಕ್ಷಿಸಬೇಕು. ಕಣ್ಣು ಸ್ಪಷ್ಟವಾಗಿಲ್ಲದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಚೌಕಟ್ಟು ಹಾಕುವಾಗ ಹಕ್ಕಿ ನೋಡುತ್ತಿರುವ ದಿಕ್ಕಿನಲ್ಲಿ ಹೆಚ್ಚು ಜಾಗ ಬಿಡುವುದು ರೂಢಿ. ಕೊಕ್ಕು ಚೌಕಟ್ಟಿಗೆ ತಗುಲಿದಂತಿದ್ದರೆ ಹಕ್ಕಿ ಗೋಡೆಗೆ ಮುಖ ಮಾಡಿ ನಿಂತಂತೆ ಕಾಣುತ್ತದೆ. ಇಡೀ ಹಕ್ಕಿ ಬೇಕಾದರೆ ಕಾಲ್ಬೆರಳು, ಬಾಲದ ತುದಿಗಳು ಉಳಿಯಲಿ. ಮುಖವಷ್ಟೇ ಸಾಕೆನಿಸಿದರೆ ಎದೆಯ ಮಟ್ಟದಲ್ಲಿ ಧೈರ್ಯವಾಗಿ ಕತ್ತರಿಸಿ. ಪಾದಗಳನ್ನಷ್ಟೇ ತುಂಡರಿಸಿದ ಚಿತ್ರ ಅಚಾತುರ್ಯದಂತೆ ತೋರುತ್ತದೆ.

ಬೆಳಕು ಮತ್ತು ಬಣ್ಣ

ಬಿಳಿಯ ಗರಿಗಳದ್ದೇ ದೊಡ್ಡ ತೊಡಕು. ಹಿನ್ನೆಲೆಯ ಎಲೆಗಳು ದಟ್ಟವಾಗಿದ್ದರೆ ಕ್ಯಾಮೆರಾ ಆ ಕತ್ತಲಿಗೆ ಹೊಂದಿಕೊಂಡು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಪರಿಣಾಮವಾಗಿ ಕೊಕ್ಕರೆಯ ಬೆನ್ನು ಗರಿಗಳಿಲ್ಲದ ಬಿಳಿಯ ಹಾಳೆಯಂತಾಗುತ್ತದೆ. ರಾ ಮಾದರಿಯಲ್ಲಿ ತೆಗೆದಿದ್ದರೆ ಹೈಲೈಟ್ಸ್ ತಗ್ಗಿಸಿ ಸ್ವಲ್ಪಮಟ್ಟಿಗೆ ಗರಿಗಳ ಎಳೆಗಳನ್ನು ಮರಳಿ ಪಡೆಯಬಹುದು. ಆದರೆ ಪೂರ್ತಿ ಸುಟ್ಟುಹೋದ ಭಾಗದಲ್ಲಿ ಮಾಹಿತಿಯೇ ಇರುವುದಿಲ್ಲ. ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ಆದ ಕಾರಣ ಚಿತ್ರ ತೆಗೆಯುವಾಗಲೇ ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್‌ನಷ್ಟು ತಗ್ಗಿಸುವುದು ಜಾಣತನ.

ಎಲೆಗಳ ಹಸಿರು ಛಾಯೆ ಗರಿಗಳ ಮೇಲೆ ಬಿದ್ದಿದ್ದರೆ ವೈಟ್ ಬ್ಯಾಲೆನ್ಸ್ ಸರಿಪಡಿಸಬೇಕು. ಬಣ್ಣವನ್ನು ಗಾಢಗೊಳಿಸುವಾಗ ಮಾತ್ರ ಕೈ ಬಿಗಿಹಿಡಿಯುವುದು ಲೇಸು. ಬಣ್ಣದ ಕೊಕ್ಕರೆಯ ಹಿಂಬದಿಯ ಗರಿಗಳು ನಸುಗೆಂಪು. ಅವು ಕಡುಗೆಂಪಾದರೆ ಹಕ್ಕಿಯನ್ನು ಬಲ್ಲವರು ಒಡನೆಯೇ ಗುರುತಿಸುತ್ತಾರೆ.

ನಾಯ್ಸ್ ತಗ್ಗಿಸುವುದು ಮೊದಲು, ಹರಿತಗೊಳಿಸುವುದು ಕೊನೆಗೆ. ಹರಿತಗೊಳಿಸುವ ಕ್ರಿಯೆ ಕಣ್ಣು, ಕೊಕ್ಕು, ಗರಿಗಳಿಗಷ್ಟೇ ಸೀಮಿತವಾಗಿರಲಿ. ಮಸುಕಾದ ಹಿನ್ನೆಲೆಗೆ ಅದು ಬೇಡ. ಫೋಟೋಶಾಪ್, ಲೈಟ್‌ರೂಮ್‌ಗಳಲ್ಲದೆ ಉಚಿತವಾಗಿ ದೊರೆಯುವ ಗಿಂಪ್, ಡಾರ್ಕ್‌ಟೇಬಲ್‌ಗಳಲ್ಲೂ ಈ ಸೌಲಭ್ಯಗಳಿವೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯೊಂದರ ಮೇಲೆ ಕೆಲಸ ಮಾಡುವುದನ್ನು ಮರೆಯಬಾರದು. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಾಗ ಅದರ ಗುಣಮಟ್ಟ ಕುಸಿಯುತ್ತದೆ.

ಗೆರೆ ಎಲ್ಲಿ?

ಫಿಲ್ಮ್ ಕಾಲದ ಕತ್ತಲೆಕೋಣೆಯಲ್ಲೂ ಚಿತ್ರದ ಬೇಡದ ಅಂಚನ್ನು ಕೈಬಿಡುತ್ತಿದ್ದರು, ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಅಡ್ಡಬಂದ ಕೊಂಬೆಯನ್ನು ಅಳಿಸುವುದು, ಇಲ್ಲದ ಮೀನನ್ನು ಕೊಕ್ಕಿಗಿಡುವುದು ಬೇರೆಯೇ ಮಾತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಂದು ಇವೆರಡೂ ಕ್ಷಣಾರ್ಧದ ಕೆಲಸ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯು ಚಿತ್ರದಲ್ಲಿ ಏನನ್ನೂ ಸೇರಿಸುವುದಕ್ಕಾಗಲಿ, ತೆಗೆಯುವುದಕ್ಕಾಗಲಿ ಅವಕಾಶ ನೀಡುವುದಿಲ್ಲ. ಹಕ್ಕಿಯ ಚಿತ್ರವು ಅಂದದ ಜೊತೆಗೆ, ಆ ಹಕ್ಕಿ ಅಲ್ಲಿ ಹಾಗೆ ಇತ್ತು ಎಂಬುದಕ್ಕೆ ಸಾಕ್ಷಿಯೂ ಹೌದು.

ಕತ್ತರಿಯಿಂದ ಹಕ್ಕಿಗೂ ಉಪಕಾರವಿದೆ. ಚೌಕಟ್ಟು ತುಂಬಬೇಕೆಂಬ ಹಟದಲ್ಲಿ ಗೂಡಿನ ಬಳಿ ಸಾಗಿದರೆ ತಾಯಿಹಕ್ಕಿ ಬೆದರಿ ಹಾರುತ್ತದೆ. ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ದೂರದಲ್ಲೇ ನಿಂತು ತೆಗೆದ ಚಿತ್ರವನ್ನು ಮನೆಯಲ್ಲಿ ಕತ್ತರಿಸಿಕೊಂಡರೆ ನಾವು ಕಳೆದುಕೊಳ್ಳುವುದು ಒಂದಿಷ್ಟು ಪಿಕ್ಸೆಲ್‌ಗಳನ್ನು ಮಾತ್ರ.